ಒಬ್ಬ ದಲಾಲ, ಎರಡು ಕ್ಯಾಲೆಂಡರ್: ಕಥೆಯ ಪಾತ್ರದಲ್ಲಿ ಸೋಶಿಯೋಪಾತ್ ಯಾರು, ಬೈಪೋಲಾರ್ ಯಾರು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಶಿವು ಎಂಬ ಕಾಲ್ಪನಿಕ ಹುಡುಗನನ್ನು ಕೂರಿಸೋಣ. ವಯಸ್ಸು 27. ದಲಾಲಿ ಅಂಗಡಿ ಅಪ್ಪನದು, ವ್ಯವಹಾರ ನೋಡಿಕೊಳ್ಳುವವನು ಮಗ. ಫೆಬ್ರವರಿ ತಿಂಗಳು, ಆವಕ ಜೋರಾಗಿರುವ ಕಾಲ. ಸೋಮವಾರದ ಟೆಂಡರ್ ಮುಗಿದು ಖರೀದಿದಾರರಿಂದ ಬಂದ 18 ಲಕ್ಷ ರೂಪಾಯಿಯನ್ನು ರೈತರಿಗೆ ಮುಟ್ಟಿಸಬೇಕು. ಮುಂದಿನ ಸೋಮವಾರ ನೋಡಿದರೆ ಆ ಹಣವೇ ಇಲ್ಲ. ಮಾರಾಟದ ಲೆಕ್ಕದ ಪಟ್ಟಿ ಹಿಡಿದುಕೊಂಡು ರೈತರು ಅಂಗಡಿ ಮುಂದೆ ನಿಂತಿದ್ದಾರೆ. ಈ ಎಂಟು ದಿನದಲ್ಲಿ ಶಿವು ಅಪ್ಪನ ಮೇಲೆ ಕೈ ಮಾಡಿದ್ದಾನೆ, ಮೂರು ಜನರಿಗೆ ಸುಳ್ಳು ಹೇಳಿದ್ದಾನೆ, ಹುಬ್ಬಳ್ಳಿಯಲ್ಲಿ ಕಾರು ಬುಕ್ ಮಾಡಿದ್ದಾನೆ, ಹೆಂಡತಿಗೆ ಹೇಳದೆ ಇನ್ನೊಬ್ಬಳ ಜೊತೆ ಲಾಡ್ಜಿನಲ್ಲಿ ಒಂದು ರಾತ್ರಿ ಕಳೆದಿದ್ದಾನೆ. ಕೇಳಿದವರಿಗೆ ನಗುನಗುತ್ತಲೇ ಉತ್ತರ ಕೊಡುತ್ತಿದ್ದಾನೆ.

ಇಷ್ಟನ್ನೇ ಇಟ್ಟುಕೊಂಡು ಶಿವು ಸೋಶಿಯೋಪಾತೋ, ಅಂದರೆ ಬೇರೆಯವರ ನೋವು ತಾಗದೆ ಮೋಸ ಮಾಡುತ್ತಲೇ ಬಂದವನೋ, ಇಲ್ಲ ಬೈಪೋಲಾರ್ ರೋಗಿಯೋ, ಅಂದರೆ ಮನಸ್ಸು ಕೆಲವು ಕಾಲ ಉಕ್ಕೇರಿ ಕೆಲವು ಕಾಲ ಕುಸಿಯುವ ಕಾಯಿಲೆಯವನೋ ಎಂದು ಹೇಳಲು ಯಾವ ಮನೋವೈದ್ಯರಿಗೂ ಬರುವುದಿಲ್ಲ. ಕಾದಂಬರಿ ಬರೆಯುವವರು, ನಾಟಕ ಕಟ್ಟುವವರು ಎಡವುವುದು ಇಲ್ಲೇ. ಪಾತ್ರ ಏನು ಮಾಡಿತು ಎಂಬುದರ ಮೇಲೆ ಕಾಯಿಲೆ ಹೆಸರಿಸಿಬಿಡುತ್ತಾರೆ. ಮಾಡಿದ ಕೆಲಸ ಎರಡರಲ್ಲೂ ಪೈಸೆ ಪೈಸೆ ಒಂದೇ ಇರಬಹುದು. ಬೇರೆಯಾಗುವುದು ಆ ವಾರದ ಹಿಂದಿನ ಹದಿನೈದು ವರ್ಷ ಮತ್ತು ಮುಂದಿನ ಆರು ತಿಂಗಳು. ಲೇಖಕರು ಬರೆಯದೆ ಬಿಟ್ಟ ದಿನಗಳಲ್ಲೇ ಉತ್ತರ ಇರುತ್ತದೆ.

ಹೆಸರಿನ ವಿಷಯ ಬೇಗ ಮುಗಿಸಿಬಿಡೋಣ. ಸೋಶಿಯೋಪಾತ್ ಎಂಬುದು 1930ರ ಸುಮಾರಿಗೆ ಅಮೆರಿಕದಲ್ಲಿ ಚಲಾವಣೆಗೆ ಬಂದ ಮಾತು. ಇವತ್ತು ಯಾವ ದವಾಖಾನೆಯ ಕೇಸ್ ಪೇಪರಿನ ಮೇಲೂ ಅದನ್ನು ಬರೆಯುವುದಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ, ಅಂದರೆ ಡಿಎಸ್‌ಎಂನಲ್ಲಿ, ಆ ಜಾಗದಲ್ಲಿ ಇರುವುದು ಸಮಾಜವಿರೋಧಿ ವ್ಯಕ್ತಿತ್ವ ದೋಷ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ ಅದಕ್ಕೆ ಎಫ್60.2 ಎಂಬ ಸಂಕೇತ ಇತ್ತು. 2022ರ ಜನವರಿಯಿಂದ ಜಾರಿಯಾದ ಹೊಸ ಪಟ್ಟಿಯಲ್ಲಿ ವ್ಯಕ್ತಿತ್ವ ದೋಷ ಎಷ್ಟು ತೀವ್ರ ಎಂದು ಮೊದಲು ಅಳೆದು, ಆಮೇಲೆ ಅದರ ಸ್ವಭಾವ ಬರೆಯುತ್ತಾರೆ. ಸೈಕೋಪಾತ್ ಎಂಬುದೂ ರೋಗನಿರ್ಣಯದ ಹೆಸರಲ್ಲ. ಕೆನಡಾದ ರಾಬರ್ಟ್ ಹೇರ್ ಮಾಡಿದ ಅಳತೆಪಟ್ಟಿಯಲ್ಲಿ 20 ಅಂಶಗಳಿವೆ, ಒಂದೊಂದಕ್ಕೆ ಗರಿಷ್ಠ 2 ಅಂಕ, ಒಟ್ಟು 40. ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ 30 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಆ ಗುಂಪಿಗೆ ಸೇರಿಸುತ್ತಾರೆ. ಕಥೆಯೊಳಗೆ ಪೊಲೀಸನೋ ಪತ್ರಕರ್ತನೋ ಸೋಶಿಯೋಪಾತ್ ಎಂದರೆ ತಪ್ಪೇನಿಲ್ಲ, ಜನ ಹಾಗೇ ಮಾತಾಡುತ್ತಾರೆ. ಧಾರವಾಡದ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್‌ನ ವೈದ್ಯೆಯ ಬಾಯಿಂದ ಮಾತ್ರ ಹಾಗೆ ಹೇಳಿಸಬೇಡಿ.

ಎರಡು ಕ್ಯಾಲೆಂಡರ್

ಬೈಪೋಲಾರ್ ಎಂದರೆ ಕಂತುಗಳಲ್ಲಿ ಬಂದು ಹೋಗುವ ಕಾಯಿಲೆ. ಮೇನಿಯಾ ಎನ್ನಲು ಮನಸ್ಸು ಅಸಹಜವಾಗಿ ಉಕ್ಕೇರಿದ ಅಥವಾ ಕೆರಳಿದ ಸ್ಥಿತಿ, ಜೊತೆಗೆ ಮಿತಿಮೀರಿದ ಚಟುವಟಿಕೆ, ಕನಿಷ್ಠ ಒಂದು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಇರಬೇಕು. ದವಾಖಾನೆಗೆ ಸೇರಿಸಲೇಬೇಕಾಗಿ ಬಂದರೆ ಒಂದು ವಾರದ ಲೆಕ್ಕ ಬೇಡ. ಇದರ ಮೇಲೆ ಏಳು ಲಕ್ಷಣಗಳಲ್ಲಿ ಮೂರು ಬೇಕು: ತಾನೇ ದೊಡ್ಡವನೆಂಬ ಭಾವ, ನಿದ್ದೆಯೇ ಬೇಡವಾಗುವುದು, ಮಾತು ನಿಲ್ಲದಿರುವುದು, ಯೋಚನೆಗಳು ಓಡುವುದು, ಗಮನ ಚದುರುವುದು, ಒಂದೇ ಸಮನೆ ಕೆಲಸ ಹಚ್ಚಿಕೊಳ್ಳುವುದು, ಮುಂದೆ ಪೆಟ್ಟು ಬೀಳುವಂಥ ಖರ್ಚು ಅಥವಾ ಕಾಮದ ವ್ಯವಹಾರ. ಮನಸ್ಸು ಉಲ್ಲಾಸವಿಲ್ಲದೆ ಬರೀ ಸಿಟ್ಟಿನಲ್ಲಿದ್ದರೆ ನಾಲ್ಕು ಬೇಕು. ಇದೇ ಚಿತ್ರ ಸೌಮ್ಯವಾಗಿ ನಾಲ್ಕು ದಿನ ಇದ್ದರೆ ಹೈಪೋಮೇನಿಯಾ. ಖಿನ್ನತೆಯ ಕಂತಿಗೆ ಕನಿಷ್ಠ ಎರಡು ವಾರ. ಒಮ್ಮೆ ಪೂರ್ಣ ಮೇನಿಯಾ ಬಂದರೆ ಅದು ಮೊದಲನೇ ಬಗೆ. ಹೈಪೋಮೇನಿಯಾ ಮತ್ತು ಖಿನ್ನತೆ ಮಾತ್ರ ಇದ್ದರೆ ಎರಡನೇ ಬಗೆ.

ಸಮಾಜವಿರೋಧಿ ವ್ಯಕ್ತಿತ್ವಕ್ಕೆ ಕಂತು ಎಂಬುದೇ ಇಲ್ಲ. 18 ತುಂಬಿರಬೇಕು, ಆದರೆ ಅದರ ಬೇರು 15ಕ್ಕೆ ಮೊದಲೇ ಕಂಡಿರಬೇಕು: ಪ್ರಾಣಿಗಳ ಮೇಲೆ, ಚಿಕ್ಕವರ ಮೇಲೆ ಕ್ರೌರ್ಯ, ಕಳವು, ಬೆಂಕಿ ಹಚ್ಚುವುದು, ಸಾಲೆ ಬಿಟ್ಟು ಓಡುವುದು, ಎದುರಿಗಿದ್ದವರನ್ನು ಸುಳ್ಳಿನಿಂದ ಬಳಸಿಕೊಳ್ಳುವುದು. ದೊಡ್ಡವನಾದ ಮೇಲೆ ಕಾನೂನು ಮುರಿಯುವುದು, ಮೋಸ, ಮುಂದಾಲೋಚನೆ ಇಲ್ಲದ ನಡೆ, ಹೊಡೆದಾಟ, ತನ್ನ ಮತ್ತು ಬೇರೆಯವರ ಜೀವದ ಬಗ್ಗೆ ಅಜಾಗರೂಕತೆ, ಕೆಲಸ-ಸಾಲದಲ್ಲಿ ಹೊಣೆಗೇಡಿತನ, ಪಶ್ಚಾತ್ತಾಪ ಇಲ್ಲದಿರುವುದು, ಈ ಏಳರಲ್ಲಿ ಮೂರಾದರೂ ಇರಬೇಕು. ನಿಯಮದ ಕೊನೆಯಲ್ಲಿ ಒಂದು ಸಾಲು ಇದೆ, ಲೇಖಕರಿಗೆ ಬೇಕಾದ್ದು ಅದೇ: ಈ ನಡತೆ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಂತಿನೊಳಗೆ ಮಾತ್ರ ಕಂಡರೆ ಅದನ್ನು ವ್ಯಕ್ತಿತ್ವದ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಈಗ ಶಿವುಗೆ ಎರಡು ಕ್ಯಾಲೆಂಡರ್ ಬರೆಯೋಣ.

ಮೊದಲನೆಯ ಶಿವು ಸಾಲೆಯಲ್ಲಿ ಸಾಧಾರಣ ಹುಡುಗ. ಬಿ.ಕಾಂ. ಓದಲು ಧಾರವಾಡಕ್ಕೆ ಹೋದ. 20ನೇ ವಯಸ್ಸಿನಲ್ಲಿ ಎರಡೂವರೆ ತಿಂಗಳು ಸಪ್ತಾಪುರದ ಖೋಲಿ ಬಿಟ್ಟು ಹೊರಗೆ ಬರಲಿಲ್ಲ, ಪರೀಕ್ಷೆಗೆ ಕೂರಲಿಲ್ಲ, ಎಂಟು ಕಿಲೋ ಇಳಿದ. ಮನೆಯವರು ಯಾವುದೋ ಹುಡುಗಿ ವಿಷಯ ಇರಬೇಕು ಎಂದುಕೊಂಡು ಸುಮ್ಮನಾದರು. 23ರಲ್ಲಿ ಒಂದು ವಾರ ಎಲ್ಲಿಲ್ಲದ ಹುರುಪು. ಅಂಗಡಿಯ ಐದು ವರ್ಷದ ಲೆಕ್ಕವನ್ನು ರಾತ್ರಿ ಕೂತು ಕಂಪ್ಯೂಟರಿಗೆ ಏರಿಸಿದ. ಎಲ್ಲರೂ ಹೊಗಳಿದರು. ಅದು ಹೈಪೋಮೇನಿಯಾ, ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ನಾಲ್ಕು ವರ್ಷ ಪಟ್ಟಿ ಹರಿದ ದಿನವೇ ರೈತರ ಕೈಗೆ ರೊಕ್ಕ. 27ರ ಫೆಬ್ರವರಿ ಬಂತು.

ಎರಡನೆಯವನು 11ರಲ್ಲಿ ಓಣಿಯ ನಾಯಿಮರಿಗೆ ಬಿಸಿನೀರು ಸುರಿದ. 13ರಲ್ಲಿ ಟ್ರಿಪ್ಪಿಗೆಂದು ಕೂಡಿಸಿದ್ದ ಹಣ ಕದ್ದು, ಖಾಲಿ ಪಾಕೀಟನ್ನು ಗೆಳೆಯನ ಚೀಲದಲ್ಲಿ ಇಟ್ಟ. ಪೆಟ್ಟು ತಿಂದವನು ಗೆಳೆಯ. ಅವನನ್ನು ಸಮಾಧಾನ ಮಾಡಿದವನೂ ಇವನೇ. 19ರಿಂದ 24ರ ತನಕ ರಾಣೆಬೆನ್ನೂರಿನ ಬೀಜದ ಕಂಪನಿ, ಹಾವೇರಿಯ ಫೈನಾನ್ಸು, ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟು, ಎಲ್ಲ ಕಡೆಯೂ ಲೆಕ್ಕ ತಪ್ಪಿಸಿ ಬಿಟ್ಟುಬಂದ. 25ರಲ್ಲಿ ಮದುವೆ, ಆರು ತಿಂಗಳಲ್ಲಿ ಹೆಂಡತಿಯ ಬಂಗಾರ ಗಿರವಿ ಅಂಗಡಿಯಲ್ಲಿ. ಇವನ ಪಾಲಿಗೆ 27ರ ಫೆಬ್ರವರಿ ವಿಶೇಷ ತಿಂಗಳೇ ಅಲ್ಲ. ಈ ಸಲ ಮೊತ್ತ ದೊಡ್ಡದು, ಅಷ್ಟೆ.

ಮೊದಲನೆಯವನ ತಾಯಿ ಹೇಳುವ ಮಾತು, "ನಮ್ಮ ಶಿವು ಹಿಂಗ ಇರಲಿಲ್ಲರಿ, ಹದಿನೈದು ದಿನಾ ಆತು ಯಾರೋ ಬ್ಯಾರೆನ ಆಗ್ಯಾನ." ಎರಡನೆಯವನ ತಾಯಿ ಹಾಗೆ ಹೇಳಲಾರಳು. ಅವಳಿಗೆ ನೆನಪು ಮಾಡಿಕೊಳ್ಳಲು ಬೇರೊಬ್ಬ ಶಿವು ಇಲ್ಲ. "ಸಣ್ಣಾಂವ ಇದ್ದಾಗಿಂದ ಹಿಂಗs ನೋಡ್ರಿ" ಎನ್ನುತ್ತಾಳೆ, ಇಲ್ಲವೇ ಮುಚ್ಚಿಡುತ್ತಾಳೆ. ಕಥೆಯಲ್ಲಿ ಬೇರೆ ಯಾವ ಸುಳಿವೂ ಕೊಡದೆ ತಾಯಿಯ ಈ ಒಂದು ಮಾತಿನಿಂದಲೇ ಓದುಗರಿಗೆ ದಾರಿ ತೋರಿಸಬಹುದು. ಬೈಪೋಲಾರ್ ಸಾಮಾನ್ಯವಾಗಿ ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರ ದಶಕದಲ್ಲಿ ತಲೆ ಎತ್ತುವುದರಿಂದ ಮನೆಯವರ ನೆನಪಿನಲ್ಲಿ ಮೊದಲಿನ ಮನುಷ್ಯ ಇರುತ್ತಾನೆ. ಸಮಾಜವಿರೋಧಿ ನಡತೆಯಾದರೋ ಬಾಲ್ಯದಿಂದ ಬಂದು, ಎಷ್ಟೋ ಜನರಲ್ಲಿ ನಲವತ್ತರ ಹೊತ್ತಿಗೆ ಸ್ವಲ್ಪ ಕಾವು ಇಳಿಯುತ್ತದೆ.

ಧಾರಾವಾಹಿಗಳು ಹಬ್ಬಿಸಿದ ತಪ್ಪೊಂದನ್ನು ಇಲ್ಲೇ ಕಿತ್ತು ಹಾಕಬೇಕು. ಬೆಳಿಗ್ಗೆ ಅತ್ತು, ಮಧ್ಯಾಹ್ನ ನಕ್ಕು, ಸಂಜೆ ತಾಟು ಎಸೆಯುವ ಪಾತ್ರ ಬೈಪೋಲಾರ್ ಅಲ್ಲ. ವೈದ್ಯರು ವೇಗದ ಆವರ್ತನೆ ಎಂದು ಕರೆಯುವುದು ಕೂಡ ವರ್ಷಕ್ಕೆ ನಾಲ್ಕು ಅಥವಾ ಹೆಚ್ಚು ಕಂತು ಬಂದರೆ. ತಾಸಿಗೊಮ್ಮೆ ತಿರುಗುವ ಮನಸ್ಸಿಗೆ ಬೇರೆ ಕಾರಣಗಳಿವೆ: ಕುಡಿತ, ಗಡಿರೇಖೆಯ (ಬಾರ್ಡರ್ಲೈನ್) ವ್ಯಕ್ತಿತ್ವ ದೋಷ, ಇಲ್ಲವೇ ಸಂಸಾರದ ತಾಪತ್ರಯ.

ನಿದ್ದೆ, ಮಾತು

ಎರಡರ ವ್ಯತ್ಯಾಸ ತೋರಿಸಲು ಒಂದೇ ಒಂದು ದೃಶ್ಯ ಬರೆಯುವ ಅವಕಾಶ ಇದ್ದರೆ ರಾತ್ರಿ ಮೂರು ಗಂಟೆಯದನ್ನು ಬರೆಯಿರಿ.

ಇಬ್ಬರೂ ಎಚ್ಚರವಿರಬಹುದು. ಎರಡನೆಯವನು ಎಚ್ಚರ ಇರುವುದು ಕೆಲಸ ಇದ್ದದ್ದಕ್ಕೆ, ಇಸ್ಪೀಟಿಗೋ ಫೋನಿಗೋ. ಮರುದಿನ ಹನ್ನೊಂದರ ತನಕ ಮಲಗಿ ಅದನ್ನು ತುಂಬಿಕೊಳ್ಳುತ್ತಾನೆ. ಮೇನಿಯಾದಲ್ಲಿರುವವನಿಗೆ ನಿದ್ದೆ ಬರುತ್ತಿಲ್ಲ ಎಂಬ ದೂರೇ ಇರುವುದಿಲ್ಲ. ಮೂರು ತಾಸು ಮಲಗಿ ಎದ್ದರೂ ಮೈ ಹಗುರ. ಮೂರಕ್ಕೆ ಎದ್ದು ಜಳಕ ಮಾಡಿ, ಅಂಗಳ ಗುಡಿಸಿ, ಅಂಗಡಿಯ ಚೀಲಗಳನ್ನು ಡಬ್ಬಿ ತಳಿಯ ಕಾಯಿ ಒಂದು ಕಡೆ, ಕಡ್ಡಿ ತಳಿಯದು ಒಂದು ಕಡೆ ಎಂದು ಹೊಸದಾಗಿ ಒಟ್ಟಿ, ಅದು ಅರ್ಧ ಆಗುವಷ್ಟರಲ್ಲಿ ಬಿಟ್ಟು, ನಾಲ್ಕಕ್ಕೆ ಗದಗಿನ ಸೋದರಮಾವನಿಗೆ ಫೋನ್ ಹಚ್ಚಿ, ಐದಕ್ಕೆ ಮೋಟರ್‌ಸೈಕಲ್ ಹತ್ತಿ ಹುಬ್ಬಳ್ಳಿ ದಾರಿ ಹಿಡಿಯುತ್ತಾನೆ. ಐದಾರು ದಿನ ಹೀಗೆ ಇದ್ದವನ ತುಟಿ ಒಡೆದಿರುತ್ತದೆ, ಗಂಟಲು ಕೂತಿರುತ್ತದೆ, ಊಟದ ನೆನಪಿರುವುದಿಲ್ಲ, ಕಣ್ಣು ಕೆಂಪಾಗಿದ್ದರೂ ಮುಖದಲ್ಲಿ ದಣಿವಿರುವುದಿಲ್ಲ. ನಟರಿಗೆ ಇದು ಗಟ್ಟಿ ಆಧಾರ. ನಿದ್ದೆ ಕೆಡುವುದು ಎಷ್ಟೋ ಸಲ ಕಂತಿನ ಮೊದಲ ಸೂಚನೆ, ಕೆಲವು ಸಲ ಅದರ ಕಾರಣ ಕೂಡ. ಜಾತ್ರೆಯ ಮೂರು ರಾತ್ರಿ ಜಾಗರಣೆ, ಮದುವೆ ಮನೆ ಓಡಾಟ, ಹೆರಿಗೆಯ ನಂತರದ ದಿನಗಳು, ಇವುಗಳ ಬೆನ್ನಿಗೆ ಮೇನಿಯಾ ಹತ್ತುವಂತೆ ಬರೆದರೆ ಅದು ವೈದ್ಯಕೀಯವಾಗಿ ಒಪ್ಪುವ ಕಥೆ.

ಮಾತಿನಲ್ಲಿ ವ್ಯತ್ಯಾಸ ಕಿವಿಗೇ ಬೀಳುತ್ತದೆ. ಮೇನಿಯಾದ ಮಾತು ಒಂದು ಯೋಚನೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಆದರೆ ನಡುವೆ ಕೊಂಡಿ ಇರುತ್ತದೆ, ಕೆಲವೊಮ್ಮೆ ಬರೀ ಶಬ್ದದ ಕೊಂಡಿ:

"ಮಾಮಾ, ಕಾಯಿ ರೇಟ ಏರೇತಿ, ಕಾಯಿ ಅಂದ್ಕೂಡ್ಲೆ ನೆನಪಾತು, ದುರ್ಗಮ್ಮಗ ನೂರಾ ಒಂದು ಕಾಯಿ ಒಡಸ್ತೀನಿ, ದುರ್ಗದಬೈಲದಾಗ ಅಂಗಡಿ ಹಿಡದೇನಿ ಗೊತ್ತೇನ, ಬೈಲ ಸಣ್ಣದಾತು, ಗೋಕುಲ ರೋಡಿನ್ಯಾಗ ದೊಡ್ಡ ಬೈಲ ಐತಿ, ವಿಮಾನ ಇಳೀತಾವ, ನಮ್ಮ ಕಾಯಿ ಸೀದಾ ವಿಮಾನದಾಗ ದುಬೈಕ್ಕ, ನೀವೂ ಬರ್ರಿ ಮಾಮಾ, ಪಾಸ್‌ಪೋರ್ಟ ಐತೇನ ನಿಮ್ಮದು?"

ಕೇಳುವವನಿಗೆ ನಡುವೆ ಬಾಯಿ ಹಾಕಲು ಜಾಗವಿಲ್ಲ. ಇದೇ ಮಾತನ್ನು ಅವನು ಮಾವನಿಗೂ ಹೇಳುತ್ತಾನೆ, ಹಮಾಲರಿಗೂ ಹೇಳುತ್ತಾನೆ, ಪೊಲೀಸನಿಗೂ ಹೇಳುತ್ತಾನೆ. ಎದುರಿಗೆ ಯಾರಿದ್ದಾರೆ ಎಂಬುದು ಅವನ ಮಾತನ್ನು ಬದಲಿಸುವುದಿಲ್ಲ.

ಎರಡನೆಯ ಶಿವು ಮೊದಲು ಕೇಳಿಸಿಕೊಳ್ಳುತ್ತಾನೆ. ರೈತನ ಕಣ್ಣು, ಕೈಯಲ್ಲಿರುವ ಪಟ್ಟಿ, ಜೊತೆಗೆ ಬಂದವನು ಯಾರು, ಎಲ್ಲ ನೋಡಿಕೊಂಡು ಮಾತಾಡುತ್ತಾನೆ. "ಕಾಕಾ, ನೀವು ನಮ್ಮಪ್ಪನ ಸರೀಕರು. ನಿಮ್ಮ ಮುಂದ ಸುಳ್ಳ ಹೇಳಿದ್ರ ನನಗ ಒಳ್ಳೇದಾಗ್ತೈತೇನ್ರಿ? ಖರೀದಿದಾರನ ಚೆಕ್ ಬೌನ್ಸ್ ಆತು. ಗುರುವಾರ ಟೆಂಡರ್ ಮುಗೀತಿದ್ದಂಗ ಮೊದಲನೇ ರೊಕ್ಕ ನಿಮ್ಮದು." ಮುಂದಿನವನಿಗೆ ಹೇಳುವ ಕಥೆ ಬೇರೆ: ತಾಯಿಗೆ ಹುಷಾರಿಲ್ಲ. ಮೂರನೆಯವನು ಊರಲ್ಲಿ ಗಟ್ಟಿ ಕುಳ ಆಗಿದ್ದರೆ ಅವನ ಹಣ ಅವತ್ತೇ ಸಂದಾಯ. ಎದುರಿನವರಿಗೆ ಏನು ಅನ್ನಿಸುತ್ತಿದೆ ಎಂಬುದು ಇಂಥವರಿಗೆ ಚೆನ್ನಾಗಿ ತಿಳಿಯುತ್ತದೆ. ಆ ನೋವು ಇವರಿಗೆ ತಾಗುವುದಿಲ್ಲ. ಭಾವನೆ ಅರ್ಥವಾಗದ ಕಲ್ಲು ಮುಖದವನಂತೆ ಬರೆದರೆ ಪಾತ್ರ ಸುಳ್ಳಾಗುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಚದುರಂಗ ಆಡುವ, ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದಿರುವ ತಣ್ಣನೆಯ ಜಾಣ ಸಿನಿಮಾದ ಸೃಷ್ಟಿ. ಲಕ್ಷಣಗಳ ಪಟ್ಟಿಯಲ್ಲೇ ಮುಂದಾಲೋಚನೆ ಇಲ್ಲದಿರುವುದು, ಹೊಣೆಗೇಡಿತನ ಇವೆ. ನಿಜದಲ್ಲಿ ಈ ದೋಷವಿರುವ ಬಹುತೇಕರು ಕೆಲಸ ಕಳೆದುಕೊಳ್ಳುತ್ತಾರೆ, ಸಾಲದಲ್ಲಿ ಮುಳುಗುತ್ತಾರೆ, ಕುಡಿಯುತ್ತಾರೆ, ಸುಲಭವಾಗಿ ಸಿಕ್ಕಿಬೀಳುತ್ತಾರೆ. ಎರಡನೆಯ ಶಿವುನ ಸುಳ್ಳು ಗುರುವಾರಕ್ಕೇ ಒಡೆಯುತ್ತದೆ. ಅವನು ಗುರುವಾರದ ಬಗ್ಗೆ ಯೋಚಿಸಿರಲಿಲ್ಲ.

ರೊಕ್ಕ ಎಲ್ಲಿ ಹೋಯಿತು

18 ಲಕ್ಷದ ಲೆಕ್ಕವನ್ನು ಲೇಖಕರು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮೇನಿಯಾದಲ್ಲಿ ಹಣ ಚೆಲ್ಲುತ್ತದೆ, ಬಹಿರಂಗವಾಗಿ. ಕಾರಿಗೆ ಮುಂಗಡ, ಎರಡು ಕಡೆ ಅಂಗಡಿ ಬಾಡಿಗೆಗೆ ಡಿಪಾಸಿಟ್, ಗುಡಿಯ ಗೋಪುರಕ್ಕೆ ದೇಣಿಗೆ, ಹಮಾಲರಿಗೆಲ್ಲ ಹೊಸ ಅಂಗಿ, ಪರಿಚಯವಿಲ್ಲದವನ ಮಗಳ ಮದುವೆಗೆ ಐವತ್ತು ಸಾವಿರ. ಪಾವತಿ ಚೀಟಿಗಳು ಜೇಬಿನಲ್ಲೇ ಇರುತ್ತವೆ, ಕೇಳಿದರೆ ಹೆಮ್ಮೆಯಿಂದ ತೋರಿಸುತ್ತಾನೆ. ಹೇಳಿದ ಸುಳ್ಳುಗಳೂ ಅವನ ಮಟ್ಟಿಗೆ ಸುಳ್ಳಲ್ಲ: ದುಬೈ ಆರ್ಡರ್ ಬಂದೇಬಿಟ್ಟಿದೆ ಎಂದು ನಂಬಿದ್ದಾನೆ. ಅಪ್ಪನ ಮೇಲೆ ಕೈ ಮಾಡಿದ್ದು ಅಡ್ಡ ಬಂದದ್ದಕ್ಕೆ; ಮೇನಿಯಾದ ಉಲ್ಲಾಸ ತಡೆದ ಕೂಡಲೇ ಸಿಟ್ಟಾಗಿ ತಿರುಗುತ್ತದೆ. ಲಾಡ್ಜಿನ ರಾತ್ರಿಯೂ ಇದರದೇ ಭಾಗ, ಆ ದಿನಗಳಲ್ಲಿ ಕಾಮನೆಗೆ ಲಗಾಮು ಇರುವುದಿಲ್ಲ. ತಪ್ಪಿಸಿಕೊಳ್ಳುವ ಯೋಜನೆ ಮಾತ್ರ ಎಲ್ಲೂ ಇಲ್ಲ.

ಎರಡನೆಯವನ ಹಾಳೆ ಚಿಕ್ಕದು. ಹಳೆ ಸಾಲ, ಜೂಜು, ಕಾರು, ತನ್ನ ಸುಖ. ಪಾವತಿ ಚೀಟಿ ಸಿಗುವುದಿಲ್ಲ. ಕೇಳಿದರೆ ದೋಷ ಬೇರೆಯವರದು: "ಪಟ್ಟಿ ಓದಾಕ ಬರದಾಂವ ರೊಕ್ಕ ಬಿಟ್ಟು ಯಾಕ ಹ್ವಾದ?" ಮೋಸ ಹೋದವನದೇ ತಪ್ಪು ಎನ್ನುವ ಈ ಧಾಟಿ ಯಾವ ಹಿಂಸೆಯ ದೃಶ್ಯಕ್ಕಿಂತಲೂ ಚೆನ್ನಾಗಿ ಪಾತ್ರವನ್ನು ತೋರಿಸುತ್ತದೆ.

ಪಶ್ಚಾತ್ತಾಪವನ್ನು ಅಳೆಯುವಾಗ ಗಳಿಗೆ ನೋಡಬೇಕು. ಮೇನಿಯಾದ ನಡುವೆ ಕೇಳಿದರೆ ಮೊದಲನೆಯವನೂ ನಗುತ್ತಾನೆ, ತನಗೇನೂ ಆಗಿಲ್ಲ ಎನ್ನುತ್ತಾನೆ. ಆ ನಗು ನೋಡಿ ನಿರ್ದಯಿ ಎಂದವರು ಕೆಡುತ್ತಾರೆ. ಕಂತು ಇಳಿದು ಆರು ವಾರಕ್ಕೆ ನೋಡಿ. ಪಟ್ಟಿಗಳನ್ನು ಒಂದೊಂದಾಗಿ ಓದುತ್ತಾನೆ, ಪೇಟೆಯ ದಾರಿ ಬಿಟ್ಟು ಹಿಂದಿನ ಓಣಿಯಿಂದ ಮನೆಗೆ ಬರುತ್ತಾನೆ, ಅಪ್ಪನ ಮುಖ ನೋಡುವುದಿಲ್ಲ. ಮೇನಿಯಾದ ಬೆನ್ನಿಗೆ ಖಿನ್ನತೆ ಬರುವುದು ಸಾಮಾನ್ಯ, ಅದರ ಮೇಲೆ ಆದದ್ದರ ನಾಚಿಕೆ ಮತ್ತು ಸಾಲ. ಬೈಪೋಲಾರ್ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಕಥೆಯಲ್ಲಿ ಎಲ್ಲರೂ ಗದ್ದಲದ ವಾರಕ್ಕೆ ಹೆದರುತ್ತಾರೆ. ಮನೆಯವರು ಕಾವಲಿರಬೇಕಾದ್ದು ಅದರ ನಂತರದ ಈ ಸಪ್ಪಳವಿಲ್ಲದ ತಿಂಗಳುಗಳಲ್ಲಿ.

ಎರಡನೆಯವನೂ ಅಳಬಲ್ಲ. ಪಂಚರ ಮುಂದೆ, ಮಾವನ ಮುಂದೆ, ಜಡ್ಜ್ ಮುಂದೆ. ಪರೀಕ್ಷೆ ಬಹಳ ಸರಳ: ಕ್ಷಮೆ ಕೇಳಿದರೆ ಏನೂ ಸಿಗದ ಜಾಗದಲ್ಲಿ, ಯಾರೂ ನೋಡದ ಹೊತ್ತಿನಲ್ಲಿ ಅವನು ಏನು ಮಾಡುತ್ತಾನೆ?

ದವಾಖಾನೆ, ಕೋರ್ಟು

ನಮ್ಮ ಕಡೆಯ ಕಥೆಗಳಲ್ಲಿ "ಧಾರವಾಡಕ್ಕ ಕಳಸ್ರಿ ಇವನ್ನ" ಎಂಬ ಮಾತು ಬಂದೇ ಬರುತ್ತದೆ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾಗಿ ಇವತ್ತು ಡಿಮ್ಹಾನ್ಸ್ ಆಗಿರುವ ಸಂಸ್ಥೆಯನ್ನು ಜನ ಹಾಗೆ ನೆನೆಯುತ್ತಾರೆ. ಪಾತ್ರದ ಬಾಯಲ್ಲಿ ಆ ಮಾತು ಇರಲಿ, ಆದರೆ ಒಳಗಿನ ದೃಶ್ಯ ಹಳೆಯ ಸಿನಿಮಾದ್ದಾಗಬಾರದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಸರಪಳಿ ಕಟ್ಟುವುದು ನಿಷಿದ್ಧ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದೂ ನಿಷಿದ್ಧ. ಒಪ್ಪದ ಶಿವುನನ್ನು ಸೇರಿಸಬೇಕಾದರೆ 89ನೇ ಕಲಂ ಪ್ರಕಾರ ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ರೋಗಿಯ ಪರವಾಗಿ ನಿಲ್ಲುವವರ ಅರ್ಜಿ ಬೇಕು, ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು. ಅವಧಿ 30 ದಿನದ ತನಕ. ಇದೇ ಕಾಯ್ದೆಯ ಮೂರನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಸಮಾಜದ ನೀತಿ, ಧರ್ಮ, ನಂಬಿಕೆಗೆ ಹೊಂದಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮನೋರೋಗಿ ಎನ್ನುವಂತಿಲ್ಲ. ಜಾತಿ ಬಿಟ್ಟು ಮದುವೆಯಾದ ಮಗಳನ್ನು ಡಾಕ್ಟರ್ ಪಾತ್ರದಿಂದ ಸೋಶಿಯೋಪಾತ್ ಅನ್ನಿಸಿದ ಲೇಖಕರು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಚುಚ್ಚುಮದ್ದಿನಿಂದ ಗದ್ದಲ ತಾಸುಗಳಲ್ಲಿ ತಗ್ಗಬಹುದು, ಕಂತು ಇಳಿಯಲು ವಾರಗಳು ಬೇಕು. ಲಿಥಿಯಂ ಆರಂಭಿಸಿದರೆ ಅದರ ಕೆಲಸ ಕಾಣಲು ಒಂದರಿಂದ ಮೂರು ವಾರ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಮೇನಿಯಾಕ್ಕೆ ಇದನ್ನು ಬಳಸಿ ವರದಿ ಮಾಡಿದಂದಿನಿಂದ ಇಂದಿಗೂ ಇದು ಮುಖ್ಯ ಔಷಧಗಳಲ್ಲಿ ಒಂದು. ಕಥೆಗೆ ಬೇಕಾದ ಜೀವ ಇದರ ಲೆಕ್ಕದಲ್ಲಿದೆ. ರಕ್ತದಲ್ಲಿ ಪ್ರತಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷ. ಕೊನೆಯ ಗುಳಿಗೆ ನುಂಗಿ 12 ತಾಸಿಗೆ ರಕ್ತ ತೆಗೆಯುತ್ತಾರೆ. ಬಾಯಾರಿಕೆ, ಬೆರಳಲ್ಲಿ ಸಣ್ಣ ನಡುಕ ಇರುತ್ತದೆ. ಥೈರಾಯ್ಡ್, ಮೂತ್ರಪಿಂಡ ಆಗಾಗ ಪರೀಕ್ಷಿಸಬೇಕು. ಏಪ್ರಿಲ್ ಬಿಸಿಲಲ್ಲಿ ಪೇಟೆಯಲ್ಲಿ ಬೆವರಿ, ನೀರು ಕುಡಿಯದೆ, ಸೊಂಟ ನೋವಿಗೆ ಮೆಡಿಕಲ್ ಅಂಗಡಿಯಿಂದ ಐಬುಪ್ರೊಫೇನ್ ತಂದು ನುಂಗಿದರೆ ಲಿಥಿಯಂ ಮಟ್ಟ ಏರುತ್ತದೆ: ವಾಂತಿ, ಕೈ ಜೋರಾಗಿ ನಡುಗುವುದು, ಕುಡಿದವನಂತೆ ತೂರಾಡುವುದು. ಸುತ್ತಲಿನವರು ಕುಡಿದಿದ್ದಾನೆ ಎಂದುಕೊಳ್ಳುತ್ತಾರೆ. ಇದಕ್ಕಿಂತ ಹೆಚ್ಚು ನಡೆಯುವುದು "ಆರಾಮ ಆಗೇನಿ, ಗುಳಿಗಿ ಯಾಕ" ಎಂದು ತಾನೇ ನಿಲ್ಲಿಸುವುದು. ಥಟ್ಟನೆ ನಿಲ್ಲಿಸಿದವರಲ್ಲಿ ಮೇನಿಯಾ ತಿರುಗಿ ಬರುವ ಸಾಧ್ಯತೆ ಹೆಚ್ಚು. ತಾಲೂಕು ದವಾಖಾನೆಯಲ್ಲಿ ಮಂಗಳವಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕು, ಟೆಲಿ ಮಾನಸ್‌ನ 14416 ಸಹಾಯವಾಣಿ ನಂಬರು, ಇವೂ ಇವತ್ತಿನ ಕಥೆಯ ಸಾಮಗ್ರಿಯೇ.

ಎರಡನೆಯ ಶಿವುಗೆ ಇಂಥ ಗುಳಿಗೆ ಇಲ್ಲ. ಸಿಟ್ಟಿಗೆ, ಕುಡಿತಕ್ಕೆ ಚಿಕಿತ್ಸೆ ಕೊಡಬಹುದು, ವ್ಯಕ್ತಿತ್ವವನ್ನು ಔಷಧ ತಿದ್ದುವುದಿಲ್ಲ. ಅವನಾಗಿ ಬರುವುದೂ ಅಪರೂಪ. ಕೋರ್ಟೋ ಹೆಂಡತಿಯೋ ಕರೆತಂದಿರುತ್ತಾರೆ. ಕೊನೆಯ ಅಧ್ಯಾಯದಲ್ಲಿ ಇಂಜೆಕ್ಷನ್ ಕೊಟ್ಟು ಅವನನ್ನು ಒಳ್ಳೆಯವನನ್ನಾಗಿ ಮಾಡಿದರೆ, ಲೇಖಕರು ಎರಡು ಕಾಯಿಲೆಗಳನ್ನು ಕಲಸಿದ್ದಾರೆ ಎಂದೇ ಅರ್ಥ.

ಪ್ರಕರಣ ಠಾಣೆಗೆ ಹೋದರೆ ಇಬ್ಬರ ಮೇಲೂ ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ, ನಂಬಿಕೆ ದ್ರೋಹ. ದಲಾಲರು, ವ್ಯಾಪಾರಿಗಳು, ಏಜೆಂಟರು ಇಂಥವರಿಗೆ ಅದರ ಐದನೇ ಉಪಕಲಮಿನಲ್ಲಿ ಜೀವಾವಧಿ ಅಥವಾ ಹತ್ತು ವರ್ಷದ ತನಕ ಶಿಕ್ಷೆ. ಕಾಯಿಲೆಯ ಚೀಟಿ ತೋರಿಸಿದ ಮಾತ್ರಕ್ಕೆ ಬಿಡುಗಡೆ ಇಲ್ಲ. 22ನೇ ಕಲಂ ಕೇಳುವುದು ಇಷ್ಟು: ಆ ಕೃತ್ಯ ಮಾಡುವ ಹೊತ್ತಿನಲ್ಲಿ, ತಾನು ಮಾಡುತ್ತಿರುವುದು ಏನು, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿ ಬುದ್ಧಿಭ್ರಮೆಯಿಂದ ಇಲ್ಲವಾಗಿತ್ತೇ? ಅದನ್ನು ತೋರಿಸುವ ಭಾರ ಆರೋಪಿಯ ಮೇಲೆ. ಮೊದಲನೆಯ ಶಿವುನ ವಕೀಲರಿಗೆ ಭ್ರಮೆಯ ಸಾಕ್ಷಿ ಬೇಕು: ದುಬೈ ಆರ್ಡರ್ ಬಂದಿದೆ ಎಂದು ನಂಬಿ ರೈತರಿಗೆ ಎರಡು ಪಟ್ಟು ರೊಕ್ಕ ಕೊಡುತ್ತೇನೆಂದು ಎಲ್ಲರೆದುರು ಸಾರಿದ್ದು, ಆ ವಾರದ ಫೋನ್ ಕರೆಗಳು, ದವಾಖಾನೆ ಕಾಗದ. ಆದರೂ ಗೆಲ್ಲುವುದು ಖಾತ್ರಿ ಇಲ್ಲ. ಎರಡನೆಯವನಿಗೆ ಈ ಬಾಗಿಲು ಮುಚ್ಚಿದ್ದೇ.

ಕಲಸುಮೇಲೋಗರ ಆಗುವ ಜಾಗಗಳು

ಕುಡಿತ ಎರಡರ ಜೊತೆಗೂ ಬರುತ್ತದೆ, ಹಾಗಾಗಿ ಅದು ಸುಳಿವಾಗಲಾರದು. ಸ್ಟಿರಾಯ್ಡ್ ಗುಳಿಗೆ, ಥೈರಾಯ್ಡ್ ಏರಿದ ಸ್ಥಿತಿ ಮೇನಿಯಾದಂತೆ ಕಾಣಿಸಬಹುದು. ಖಿನ್ನತೆಯೆಂದು ಬರೀ ಖಿನ್ನತೆ-ನಿವಾರಕ ಕೊಟ್ಟಾಗ ಒಳಗೆ ಅಡಗಿದ್ದ ಬೈಪೋಲಾರ್ ಮೇನಿಯಾಕ್ಕೆ ಹೊರಳಬಹುದು. ಧಾರವಾಡಕ್ಕೆ ಕೋಚಿಂಗಿಗೆ ಬಂದ ಹುಡುಗಿ, ಖಿನ್ನತೆ, ಓಣಿಯ ಡಾಕ್ಟರರ ಗುಳಿಗೆ, ಕೆಲವು ವಾರಕ್ಕೆ ಉಕ್ಕೇರಿದ ಮನಸ್ಸು: ಇದು ನಂಬುವಂಥ ಕಥೆ. ದೇವರಗುಡ್ಡದಲ್ಲಿ ಬಿಲ್ಲೇರಿ ಕಾರಣಿಕ ನುಡಿಯುವ ಗೊರವಪ್ಪನನ್ನಾಗಲಿ, ಜಾತ್ರೆಯಲ್ಲಿ ಮೈದುಂಬಿ ಕುಣಿಯುವವರನ್ನಾಗಲಿ ಮೇನಿಯಾಕ್ಕೆ ಹೋಲಿಸಬೇಡಿ. ಅದಕ್ಕೆ ನಿಗದಿಯಾದ ದಿನ, ಜಾಗ, ಊರಿನ ಒಪ್ಪಿಗೆ ಇರುತ್ತದೆ, ಮುಗಿದ ಮೇಲೆ ಮನುಷ್ಯ ಮನೆಗೆ ಹೋಗಿ ಮಲಗುತ್ತಾನೆ.

ರಂಗದ ಮೇಲೆ ಕಾಲ ತೋರಿಸುವುದು ಕಷ್ಟ. ಎರಡೂವರೆ ತಾಸಿನ ನಾಟಕದಲ್ಲಿ ಒಂದು ವಾರದ ಮೇನಿಯಾ ಒಂದೇ ದೃಶ್ಯದ ಆವೇಶವಾಗಿಬಿಟ್ಟರೆ ಪ್ರೇಕ್ಷಕರಿಗೆ ಅದು ಬರೀ ಸಿಟ್ಟು. ಮೂರು ಚಿಕ್ಕ ದೃಶ್ಯ ಮಾಡಿ, ನಡುವೆ ದಿನದ ಹಾಳೆ ಹರಿಯುವ ಗೋಡೆ ಕ್ಯಾಲೆಂಡರ್ ಇಟ್ಟು, ಅದೇ ಅಂಗಿಯನ್ನು ಮೂರರಲ್ಲೂ ಉಳಿಸಿ ಮೇಲೆ ಹೊಸ ಹೊಸ ಶಲ್ಯ ಸೇರಿಸುತ್ತ ಹೋಗಿ. ನಟನ ದನಿ ಮೂರನೆಯದರ ಹೊತ್ತಿಗೆ ಒಡೆದಿರಲಿ. ಎರಡನೆಯ ಶಿವುಗೆ ಇದರ ವಿರುದ್ಧ ಮಾಡಬೇಕು: ಬೇರೆಬೇರೆ ಜನರೆದುರು ಅವನ ದನಿ, ಕೂರುವ ಭಂಗಿ ಬದಲಾಗಲಿ, ಒಬ್ಬನೇ ಉಳಿದಾಗ ಮುಖದಲ್ಲಿ ಏನೂ ಇರದಿರಲಿ.

ಕೊನೆಯದಾಗಿ, ಎರಡೂ ಒಬ್ಬನಲ್ಲೇ ಇರಬಹುದು. ಬರೆಯಲು ಅತ್ಯಂತ ಕಷ್ಟದ ಪಾತ್ರ ಇದು, ಸುಲಭದ ಉಪಾಯವೆಂದು ಇದನ್ನು ಹಿಡಿಯುವವರೇ ಹೆಚ್ಚು. ಹಾಗೆ ಬರೆಯುವುದಾದರೆ ಕಂತಿಲ್ಲದ ಎರಡು ವರ್ಷವನ್ನು ಮೊದಲು ಬರೆಯಿರಿ: ನಿದ್ದೆ ಏಳು ತಾಸು, ಮಾತು ಹಿತಮಿತ, ಆಗಲೂ ಗಿರವಿ ಅಂಗಡಿಯಲ್ಲಿ ಹೆಂಡತಿಯ ಸರ. ಆಮೇಲೆ ಮೇನಿಯಾ ತನ್ನಿ. ಆ ವಾರದಲ್ಲಿ ಅವನ ಮೋಸಗಾರಿಕೆ ಕೆಟ್ಟುಹೋಗುತ್ತದೆ. ಸುಳ್ಳುಗಳು ಒಂದಕ್ಕೊಂದು ಹೊಂದುವುದಿಲ್ಲ, ಯಾರಿಗೆ ಏನು ಹೇಳಿದ್ದೆ ಎಂಬ ಎಚ್ಚರ ಇರುವುದಿಲ್ಲ, ಬಚ್ಚಿಡಬೇಕಾದ ರೊಕ್ಕವನ್ನು ಪೇಟೆಯ ನಡುವೆ ನಿಂತು ಹಂಚುತ್ತಾನೆ. ಗುಳಿಗೆಯಿಂದ ನಿದ್ದೆ ಸರಿಹೋಗಿ, ಮಾತು ನಿಧಾನವಾದ ಮೇಲೆ, ದವಾಖಾನೆಯಿಂದ ಹೊರಬಂದ ವಾರದಲ್ಲೇ ಪಕ್ಕದ ಹಾಸಿಗೆಯವನ ತಮ್ಮನ ಹತ್ತಿರ ಐದು ಸಾವಿರ ಕೈಗಡ ತೆಗೆದುಕೊಂಡು ಫೋನ್ ನಂಬರ್ ಬದಲಿಸುತ್ತಾನೆ.